ಎರಡು ಹಳೇ 56ಕೆ ಮೋಡೆಮ್: ಶಿರಸಿಯಲ್ಲಿ ಕೊಂಡು, ಬಳಸಿ, ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರಿನ ಡೇಟಾವನ್ನು ಸದ್ದು ಮಾಡಿ ಫೋನ್ ತಂತಿಯಲ್ಲಿ ಕಳಿಸುವ ಈ ಮೋಡೆಮ್‌ಗಳು ಚೆನ್ನಾಗಿವೆ, ಕೊಳ್ಳಬಹುದು. ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 56ಕೆ (ಸೆಕೆಂಡಿಗೆ 56 ಸಾವಿರ ಬಿಟ್) ನೋಡಿ ಕೊಳ್ಳಬೇಡಿ. ಎರಡು ಮೋಡೆಮ್ ತಂದು ಒಂದನ್ನು ನಿಮ್ಮ ಮನೆಯಲ್ಲಿ, ಇನ್ನೊಂದನ್ನು ನೆಂಟರ ಮನೆಯಲ್ಲಿ ಇಟ್ಟು ಒಂದರಿಂದ ಇನ್ನೊಂದಕ್ಕೆ ಫೋನ್ ಮಾಡಿಸಿದರೆ 56ಕೆ ಯಾವ ಕಾಲಕ್ಕೂ ಬರುವುದಿಲ್ಲ. 33.6ಕೆ ಬಂದರೆ ಅದೇ ತುದಿ. ಇದು ಮಾರುವವರ ಮೋಸ ಅಲ್ಲ, ಮಾಲಿನ ದೋಷವೂ ಅಲ್ಲ. ಯಾಕೆ ಹೀಗೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ನಾನು ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಪೇಟೆಯಲ್ಲಿ ಹಳೇ ಎಲೆಕ್ಟ್ರಾನಿಕ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಈ ಜೋಡಿ ಸಿಕ್ಕಿತು. ಒಂದೇ ಕಂಪನಿಯ, ಒಂದೇ ಮಾದರಿಯ ಎಕ್ಸ್‌ಟರ್ನಲ್ ಮೋಡೆಮ್‌ಗಳು. ಎರಡಕ್ಕೂ ಸೇರಿ ಕೊಟ್ಟದ್ದು ಒಂದು ಹೊಸ ವೈಫೈ ರೂಟರ್‌ಗಿಂತ ಕಡಿಮೆ. ಒಳಗೆ ರಾಕ್‌ವೆಲ್ ಚಿಪ್ ಇದೆ. ಮುಂದೆ ಸಾಲಾಗಿ ಕೆಂಪು ದೀಪಗಳು, ಹಿಂದೆ 25 ಪಿನ್ನಿನ ಸೀರಿಯಲ್ ಕನೆಕ್ಟರ್, ಪಕ್ಕದಲ್ಲಿ ಫೋನ್ ವೈರ್ ಸಿಕ್ಕಿಸುವ ಎರಡು ತೂತು, ಕೆಳಗೆ ಚಿಕ್ಕ ಸ್ಪೀಕರ್. ಈ ಸ್ಪೀಕರ್ ಇಲ್ಲದ ಮೋಡೆಮ್ ಕೊಳ್ಳಲೇಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಾರಣ ಆಮೇಲೆ.

ನನಗೆ ಇವು ಬೇಕಾಗಿದ್ದು ಒಂದು ನಿಜವಾದ ಕೆಲಸಕ್ಕೆ. ಸಿದ್ದಾಪುರ ರಸ್ತೆ ಕಡೆ ಗೆಳೆಯರೊಬ್ಬರ ಅಡಿಕೆ ತೋಟ ಇದೆ. ಅಲ್ಲಿ ಮೊಬೈಲ್ ಸಿಗ್ನಲ್ ಸುತಾರಾಂ ಇಲ್ಲ, ಆದರೆ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇನ್ನೂ ಜೀವಂತ. ತೋಟದಲ್ಲಿ ಮಳೆ ಅಳೆಯುವ ಒಂದು ಸಾಧನ ಕೂರಿಸಿದ್ದೇವೆ, ಅದು ಗಂಟೆಗೊಮ್ಮೆ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ರಾತ್ರಿ ಒಮ್ಮೆ ಫೋನ್ ಮಾಡಿ ಆ ಲೆಕ್ಕ ತರಬೇಕು. ಅಷ್ಟೇ ಕೆಲಸ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು ಅಂತ ಲೆಕ್ಕ ಹಾಕುವವರಿಗೆ ಮಳೆ ಎಷ್ಟು ಬಿತ್ತು ಅನ್ನುವುದು ಎಷ್ಟು ಮುಖ್ಯ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತೋಟಕ್ಕೆ ಹಾಕುವ ಮೊದಲು ಮನೆಯಲ್ಲೇ ಎರಡನ್ನೂ ಎದುರಾಬದುರು ಇಟ್ಟು ನೋಡಿದೆ. ಕಾರವಾರದ ಲಾಡ್ಜ್ ಒಂದರಲ್ಲಿ ತೆಗೆದುಹಾಕಿದ ಹಳೇ ಇಂಟರ್‌ಕಾಮ್ ಎಕ್ಸ್‌ಚೇಂಜ್ ನನ್ನ ಹತ್ತಿರ ಇದೆ, ರೂಮಿನಿಂದ ರೂಮಿಗೆ ಫೋನ್ ಮಾಡಲು ಇಡುತ್ತಾರಲ್ವಾ, ಆ ಥರದ್ದು. ಅದರ ಒಂದೊಂದು ಲೈನಿಗೆ ಒಂದೊಂದು ಮೋಡೆಮ್. ಒಂದು ಲ್ಯಾಪ್‌ಟಾಪಿನಿಂದ ಎಟಿಡಿಟಿ ಅನ್ನುವ ಡಯಲ್ ಆಜ್ಞೆ ಟೈಪ್ ಮಾಡಿ ಎದುರಿನ ಲೈನಿನ ನಂಬರ್ ಕೊಟ್ಟೆ. ಮೋಡೆಮ್ ತಕ್ಷಣ ಡಯಲ್ ಟೋನ್ ಇಲ್ಲ ಅಂದಿತು. ಇಂಟರ್‌ಕಾಮಿನ ಡಯಲ್ ಟೋನ್ ಊರಿನ ಎಕ್ಸ್‌ಚೇಂಜಿನ ಹಾಗೆ ಇರುವುದಿಲ್ಲ, ಮೋಡೆಮ್ ಅದನ್ನು ಗುರುತಿಸುವುದಿಲ್ಲ. ಎಟಿಎಕ್ಸ್3 ಅಂತ ಒಂದು ಸಾಲು ಕೊಟ್ಟರೆ ಡಯಲ್ ಟೋನಿಗೆ ಕಾಯದೆ ನಂಬರ್ ಒತ್ತುತ್ತದೆ. ಈ ಎಟಿ ಆಜ್ಞೆಗಳು 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಬಂದವು. ಆಗಿನ ಮೋಡೆಮಿನ ವೇಗ ಸೆಕೆಂಡಿಗೆ 300 ಬಿಟ್. ಆದರೂ ಆಜ್ಞೆಗಳು ಇವತ್ತಿಗೂ ಅವೇ, ಮೊಬೈಲ್ ಒಳಗಿನ ಮೋಡೆಮಿಗೂ ಎಟಿ ಅಂದರೆ ಓಕೆ ಅನ್ನುವುದು ಗೊತ್ತು.

ಈಗ ಸ್ಪೀಕರ್ ವಿಷಯ. ಡಯಲಪ್ ಕಾಲದಲ್ಲಿ ಇಂಟರ್ನೆಟ್ ಬಳಸಿದವರಿಗೆಲ್ಲ ಆ ಕಿರ್ರ್ ಕೊರ್ರ್ ಸದ್ದು ನೆನಪಿರುತ್ತದೆ. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಬಿಟ್ಟಿತು, ಅಲ್ಲಿಂದ ಮುಂದೆ ಬಹಳ ವರ್ಷ ಈ ಸದ್ದು ಕೇಳದೆ ಯಾರೂ ಒಳಗೆ ಹೋಗಿದ್ದಿಲ್ಲ. ಜಾಸ್ತಿ ಜನ ಅದನ್ನು ಸುಮ್ನೆ ಗಲಾಟೆ ಅಂದುಕೊಂಡಿದ್ದರು. ಅದು ಗಲಾಟೆ ಅಲ್ಲ. ಎರಡು ಯಂತ್ರಗಳು ಒಂದನ್ನೊಂದು ಪರಿಚಯ ಮಾಡಿಕೊಂಡು, ನಡುವಿನ ತಂತಿಯನ್ನು ಅಳೆದು, ಯಾವ ವೇಗದಲ್ಲಿ ಮಾತಾಡೋಣ ಅಂತ ತೀರ್ಮಾನ ಮಾಡುವ ಪೂರ್ತಿ ಮಾತುಕತೆ ಅದು. ಮೇಜಿನ ಮೇಲೆ ಎರಡೂ ಮೋಡೆಮ್ ಇದ್ದರೆ ಅದನ್ನು ಹಂತ ಹಂತವಾಗಿ ಕಿವಿಯಲ್ಲೇ ಹಿಂಬಾಲಿಸಬಹುದು. ಈ ಜೋಡಿಗೆ ನಾನು ಇಷ್ಟು ಒಳ್ಳೇ ಅಂಕ ಕೊಡುವುದು ಇದಕ್ಕೇ.

ಮೊದಲು ಓಎಚ್ ಅನ್ನುವ ದೀಪ ಹತ್ತುತ್ತದೆ, ಟಕ್ ಅಂತ ರಿಲೇ ಸದ್ದು. ಅಂದರೆ ರಿಸೀವರ್ ಎತ್ತಿದ ಹಾಗೆ. ಆಮೇಲೆ ನಂಬರಿನ ಟೋನ್‌ಗಳು. ಒಂದೊಂದು ಅಂಕಿಗೂ ಎರಡೆರಡು ಸ್ವರ ಒಟ್ಟಿಗೆ, 5 ಒತ್ತಿದರೆ 770 ಮತ್ತು 1336 ಹರ್ಟ್ಸ್. ಆ ಕಡೆ ರಿಂಗ್ ಆಗುತ್ತದೆ. ಎಟಿಎಸ್0=1 ಅಂತ ಹಾಕಿಟ್ಟಿದ್ದರೆ ಒಂದೇ ರಿಂಗಿಗೆ ಎದುರಿನ ಮೋಡೆಮ್ ಫೋನ್ ಎತ್ತುತ್ತದೆ. ಸ್ವಲ್ಪ ಹೊತ್ತು ಮೌನ. ನಂತರ ಒಂದು ನೀಳ, ಏರುಗಂಟಲಿನ ಸ್ವರ. 2100 ಹರ್ಟ್ಸ್.

ಈ ಒಂದು ಸ್ವರದಲ್ಲಿ ಎರಡು ಕೆಲಸ ಆಗುತ್ತದೆ. ಒಂದು, ಇಲ್ಲಿ ಇರುವುದು ಮನುಷ್ಯ ಅಲ್ಲ, ಮೋಡೆಮ್ ಅಂತ ಕರೆ ಮಾಡಿದವರಿಗೆ ಹೇಳುವುದು. ಇನ್ನೊಂದು ನಡುವಿನ ಟೆಲಿಫೋನ್ ವ್ಯವಸ್ಥೆಗೆ ಹೇಳುವ ಮಾತು. ದೂರದ ಕರೆಗಳಲ್ಲಿ ನಮ್ಮ ದನಿ ನಮಗೇ ವಾಪಸ್ ಕೇಳಿಸದಿರಲಿ ಅಂತ ಟೆಲಿಫೋನ್ ಕಂಪನಿಗಳು ಪ್ರತಿಧ್ವನಿ ಅಳಿಸುವ ಯಂತ್ರ ಇಟ್ಟಿರುತ್ತವೆ. ಮನುಷ್ಯರಿಗೆ ಅದು ಅನುಕೂಲ, ಮೋಡೆಮಿಗೆ ಅಡ್ಡಿ. ಹಾಗಾಗಿ ಆ ಸ್ವರದ ಅಲೆಯನ್ನು 450 ಮಿಲಿಸೆಕೆಂಡಿಗೊಮ್ಮೆ ತಲೆಕೆಳಗು ಮಾಡುತ್ತಾ ಹೋಗುತ್ತಾರೆ. ಆ ತಿರುವು ಕಂಡ ತಕ್ಷಣ ನಡುವಿನ ಯಂತ್ರ ತನ್ನ ಕೆಲಸ ನಿಲ್ಲಿಸುತ್ತದೆ. ಗಮನ ಕೊಟ್ಟು ಕೇಳಿದರೆ ನೀಳ ಸ್ವರದ ನಡುನಡುವೆ ಚಿಕ್ಕದಾಗಿ ಟಿಕ್ ಅನ್ನುವುದು ಕೇಳಿಸುತ್ತದೆ. ಅದೇ ಈ ತಿರುವು.

ಆಮೇಲೆ ಗುರ್ರ್ ಅಂತ ನಡುಗುವ ಸದ್ದು. ಇದು ವಿ.8 ಅನ್ನುವ ಹಂತ. ನನಗೆ ಇಂತಿಂಥ ಪದ್ಧತಿಗಳು ಬರುತ್ತವೆ ಅಂತ ಕರೆ ಮಾಡಿದ ಮೋಡೆಮ್ ಪಟ್ಟಿ ಓದುತ್ತದೆ. ಇವುಗಳಲ್ಲಿ ನನಗೂ ಬರುವುದು ಇಷ್ಟು ಅಂತ ಎದುರಿನದು ವಾಪಸ್ ಹೇಳುತ್ತದೆ. ಚೆಂದ ಏನೆಂದರೆ ಈ ಮಾತು ನಡೆಯುವುದು ಎಲ್ಲಕ್ಕಿಂತ ಹಳೇ, ಎಲ್ಲಕ್ಕಿಂತ ನಿಧಾನದ 300 ಬಿಟ್ ಪದ್ಧತಿಯಲ್ಲಿ. ಕರೆ ಮಾಡಿದ ಕಡೆ 980 ಹರ್ಟ್ಸ್ ಅಂದರೆ 1, 1180 ಅಂದರೆ 0. ಉತ್ತರ ಕೊಡುವ ಕಡೆ 1650 ಅಂದರೆ 1, 1850 ಅಂದರೆ 0. ಇಬ್ಬರ ಜಾಗವೂ ಬೇರೆ ಬೇರೆ, ಹಾಗಾಗಿ ಒಟ್ಟಿಗೇ ಮಾತಾಡಿದರೂ ಕಲಸುವುದಿಲ್ಲ. ಎಷ್ಟೇ ಕೆಟ್ಟ ಲೈನ್ ಆದರೂ ಇಷ್ಟು ದಾಟುತ್ತದೆ ಅನ್ನುವ ಭರವಸೆ ಮೇಲೆ ಮೊದಲ ಮಾತು. ಯಾರಿಗೂ ಅರ್ಥವಾಗುವ ಭಾಷೆಯಲ್ಲಿ ಶುರು ಮಾಡಿ, ಆಮೇಲೆ ಇಬ್ಬರಿಗೂ ಬರುವ ಒಳ್ಳೇ ಭಾಷೆಗೆ ಹೋಗುವುದು. ಇದನ್ನು ಯೋಚಿಸಿದ ಎಂಜಿನಿಯರುಗಳ ಬಗ್ಗೆ ನನಗೆ ತುಂಬಾ ಗೌರವ.

ಇಬ್ಬರಿಗೂ 33.6ಕೆ ವರೆಗೆ ಹೋಗುವ ವಿ.34 ಪದ್ಧತಿ ಬರುತ್ತದೆ ಅಂತ ಗೊತ್ತಾದರೆ ತಂತಿ ಅಳೆಯುವ ಕೆಲಸ. ಒಂದು ಕಡೆಯಿಂದ 1200, ಇನ್ನೊಂದು ಕಡೆಯಿಂದ 2400 ಹರ್ಟ್ಸ್ ಸ್ವರ. ಅದರ ಅಲೆ ತಿರುಗಿಸಿ, ಆ ತಿರುವಿಗೆ ಎದುರಿನಿಂದ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡುತ್ತವೆ. ಹೋಗಿ ಬರುವ ಸಮಯ ಇದರಲ್ಲೇ ಸಿಗುತ್ತದೆ. ಆಮೇಲೆ ಗುಂಯ್ ಅಂತ ಒಂದು ದಪ್ಪ ಸದ್ದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. 150 ಹರ್ಟ್ಸಿನಿಂದ 3750ರವರೆಗೆ 150ರ ಅಂತರದಲ್ಲಿ, ನಾಲ್ಕನ್ನು ಬಿಟ್ಟು, ಒಟ್ಟು 21 ಸ್ವರಗಳನ್ನು ಒಂದೇ ಏಟಿಗೆ ಕಳಿಸುತ್ತದೆ. ಎದುರಿನ ಮೋಡೆಮ್ ಯಾವ ಸ್ವರ ಎಷ್ಟು ಸಣ್ಣಗಾಗಿ ಬಂತು, ಎಲ್ಲಿ ಗದ್ದಲ ಜಾಸ್ತಿ ಅಂತ ನೋಡಿ ಲೈನಿನ ಪೂರ್ತಿ ಚಿತ್ರ ಬರೆದುಕೊಳ್ಳುತ್ತದೆ. ಬಿಟ್ಟ ನಾಲ್ಕು ಜಾಗದಲ್ಲಿ ಏನಾದರೂ ಕೇಳಿಸಿದರೆ ಅದು ತಂತಿಯದೇ ಕೊಳೆ ಅಂತ ಗೊತ್ತಾಗುತ್ತದೆ.

ಕೊನೆಗೆ ಶ್‌ಶ್ ಅನ್ನುವ ಸದ್ದು, ಜೋರು ಮಳೆ ಥರ. ಇಲ್ಲಿ ಎರಡೂ ಮೋಡೆಮ್ ತಮ್ಮ ತಮ್ಮ ಕಿವಿ ಹದ ಮಾಡಿಕೊಳ್ಳುತ್ತವೆ. ಫೋನಿಗೆ ಇರುವುದು ಎರಡೇ ತಂತಿ. ವಿ.34ರಲ್ಲಿ ಇಬ್ಬರೂ ಅದೇ ತಂತಿಯಲ್ಲಿ, ಅದೇ ಸ್ವರಗಳ ಜಾಗದಲ್ಲಿ, ಏಕಕಾಲಕ್ಕೆ ಮಾತಾಡುತ್ತಾರೆ. ಮಾರಿಕಾಂಬಾ ಜಾತ್ರೆ ಪೇಟೆಯಲ್ಲಿ ಅಂಗಡಿಯವರು ತಾವು ಕೂಗುತ್ತಲೇ ಗಿರಾಕಿ ಕೇಳಿದ ರೇಟು ಕೇಳಿಸಿಕೊಳ್ಳುತ್ತಾರಲ್ವಾ, ಹಾಗೆ. ತಾನು ಏನು ಕಳಿಸುತ್ತಿದ್ದೇನೆ ಅನ್ನುವುದು ಮೋಡೆಮಿಗೆ ಗೊತ್ತು, ಅದು ತಂತಿಯಲ್ಲಿ ಎಲ್ಲೆಲ್ಲಿ ಬಡಿದು ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಅನ್ನುವುದೂ ಈಗಷ್ಟೇ ಅಳೆದು ಗೊತ್ತಾಗಿದೆ, ಹಾಗಾಗಿ ಕೇಳಿಸಿದ್ದರಲ್ಲಿ ತನ್ನ ದನಿಯನ್ನು ಕಳೆದುಬಿಟ್ಟರೆ ಉಳಿಯುವುದು ಎದುರಿನವರ ಮಾತು. ಈ ಕಳೆಯುವ ಕೆಲಸವನ್ನು ಮೋಡೆಮ್ ತಾನೇ ಮಾಡಬೇಕು, ನಡುವೆ ಬೇರೆಯವರು ಕೈಹಾಕಬಾರದು. 2100 ಹರ್ಟ್ಸಿನ ಆ ಸ್ವರ ಮೊದಲೇ ಬಂದದ್ದು ಯಾಕೆ ಅಂತ ಈಗ ತಿಳಿಯಿತಲ್ಲ.

ಸಂಪರ್ಕ ಸಿಕ್ಕಿತು ಅಂತ ತೋರಿಸುವ ಸಿಡಿ ದೀಪ ಹತ್ತಿತು, ಸ್ಪೀಕರ್ ಬಂದ್ ಆಯಿತು, ಪರದೆ ಮೇಲೆ ಕನೆಕ್ಟ್ ಅಂತ ಬಂತು. ಎಟಿಎಂ2 ಹಾಕಿದರೆ ಸ್ಪೀಕರ್ ಬಂದ್ ಆಗುವುದಿಲ್ಲ, ಡೇಟಾ ಹೋಗುವ ಸದ್ದೂ ಕೇಳಬಹುದು. ನೀವು ಏನೂ ಟೈಪ್ ಮಾಡದಿದ್ದರೂ ಅದೇ ಶ್‌ಶ್. ಯಾಕೆಂದರೆ ಬಿಟ್‌ಗಳನ್ನು ಕಲಸಿಯೇ ಕಳಿಸುತ್ತಾರೆ. ಒಂದೇ ಥರದ ಬಿಟ್ ಸಾಲಾಗಿ ಹೋದರೆ ಎದುರಿನ ಮೋಡೆಮಿಗೆ ಲಯ ತಪ್ಪುತ್ತದೆ.

ಸಂಪರ್ಕ ಮುಗಿದ ಮೇಲೆ ಎಟಿ&ವಿ1 ಅಂತ ಕೊಟ್ಟರೆ ಈ ಚಿಪ್ ಕಳೆದ ಕರೆಯ ಪೂರ್ತಿ ವರದಿ ಕೊಡುತ್ತದೆ. ಕೊನೆಯ ವೇಗ, ಎಲ್ಲಕ್ಕಿಂತ ಹೆಚ್ಚಿನ ವೇಗ, ಲೈನಿನ ಗುಣಮಟ್ಟ, ಸಿಗ್ನಲ್ ಮಟ್ಟ, ಕರೆ ಯಾಕೆ ಕಡಿಯಿತು ಅನ್ನುವ ಕಾರಣ. ಬೇರೆ ಮಾದರಿಗಳಲ್ಲಿ ಈ ಆಜ್ಞೆ ಬೇರೆ ಇರುತ್ತದೆ. ಇಂಟರ್‌ಕಾಮಿನಲ್ಲಿ ನನಗೆ ಸಿಕ್ಕಿದ್ದು ಎರಡೂ ಕಡೆ 33600. ಅದಕ್ಕಿಂತ ಮೇಲೆ ಇಲ್ಲ.

ಈಗ 56ಕೆ ಕಥೆ. ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಯನ್ನು 8 ಬಿಟ್ಟಿನ ಅಂಕಿ ಮಾಡುತ್ತದೆ. ಒಟ್ಟು 64ಕೆ. ಅಲೆಯನ್ನು ಅಂಕಿ ಮಾಡುವಾಗ ಹತ್ತಿರದ ಅಂಕಿಗೆ ಸ್ವಲ್ಪ ಸರಿಸಲೇಬೇಕು. ಹಾಗೆ ಸರಿಸಿದ ವ್ಯತ್ಯಾಸ ಮೋಡೆಮಿಗೆ ಗದ್ದಲದ ಹಾಗೆ ಕಾಣುತ್ತದೆ. 300ರಿಂದ 3400 ಹರ್ಟ್ಸ್ ಅಗಲದ ದಾರಿ, ಗದ್ದಲಕ್ಕಿಂತ ಸುಮಾರು 35 ಡೆಸಿಬೆಲ್ ಜೋರಿನ ಸಿಗ್ನಲ್ ಅಂತ ಇಟ್ಟು, ಒಂದು ದಾರಿಯಲ್ಲಿ ಹೆಚ್ಚೆಂದರೆ ಎಷ್ಟು ಬಿಟ್ ಹೋಗಬಹುದು ಅಂತ ಹೇಳುವ ಶ್ಯಾನನ್ ಸೂತ್ರ ಹಾಕಿದರೆ ಸೆಕೆಂಡಿಗೆ 36 ಸಾವಿರ ಬಿಟ್ ಆಸುಪಾಸು ಬರುತ್ತದೆ. ವಿ.34 ಅದರ ಹೊಸ್ತಿಲಿಗೆ ಹೋಗಿ ನಿಂತಿದೆ. 1994ರಲ್ಲಿ ಬಂದಾಗ 28.8ಕೆ, 1996ರಲ್ಲಿ 33.6ಕೆ. ಸೆಕೆಂಡಿಗೆ 3429 ಸಂಕೇತ, ಒಂದೊಂದು ಸಂಕೇತದಲ್ಲಿ ಹತ್ತಿರ ಹತ್ತಿರ 10 ಬಿಟ್.

56ಕೆ ಸಾಧ್ಯವಾದದ್ದು ಒಂದು ಜಾಣತನದಿಂದ. ಇಂಟರ್ನೆಟ್ ಕಂಪನಿಯ ಕಡೆ ಇದ್ದದ್ದು ನಮ್ಮ ಥರದ ಮೋಡೆಮ್ ಅಲ್ಲ. ಅವರು ಎಕ್ಸ್‌ಚೇಂಜಿಗೆ ಡಿಜಿಟಲ್ ಲೈನಿನಲ್ಲೇ ಸೇರಿರುತ್ತಿದ್ದರು. ಅವರಿಂದ ನಮ್ಮ ಕಡೆಗೆ ಬರುವಾಗ ಅಲೆಯನ್ನು ಅಂಕಿ ಮಾಡುವ ಹಂತವೇ ಇಲ್ಲ, ಆ ಗದ್ದಲವೂ ಇಲ್ಲ. 8000 ಅಳತೆ, ಒಂದೊಂದರಲ್ಲಿ 7 ಬಿಟ್ ನೆಚ್ಚಿಕೊಂಡರೆ 56000. ಅದೂ ಇಳಿಯುವ ದಿಕ್ಕಿನಲ್ಲಿ ಮಾತ್ರ. ನಾವು ಕಳಿಸುವುದು 33.6ಕೆ ಒಳಗೇ. 1997ರಲ್ಲಿ ಎರಡು ಗುಂಪು ಎರಡು ಪದ್ಧತಿ ತಂದು ಮಾರುಕಟ್ಟೆಯಲ್ಲಿ ಹೊಡೆದಾಡಿದವು, ರಾಕ್‌ವೆಲ್ ಮತ್ತು ಲೂಸೆಂಟ್ ಕಡೆಯಿಂದ ಕೆ56ಫ್ಲೆಕ್ಸ್, ಯುಎಸ್ ರೋಬಾಟಿಕ್ಸ್ ಕಡೆಯಿಂದ ಎಕ್ಸ್2. 1998ರಲ್ಲಿ ಎಲ್ಲರಿಗೂ ಒಂದೇ ಆದ ವಿ.90 ಪದ್ಧತಿ ಬಂದು ಜಗಳ ಮುಗಿಸಿತು. ಈಗ ನಮ್ಮ ಎರಡು ಡಬ್ಬಿಗೆ ಬನ್ನಿ. ಎರಡೂ ಅಲೆ ಕಳಿಸುವ ಮೋಡೆಮ್‌ಗಳೇ, ಡಿಜಿಟಲ್ ಕಡೆ ಯಾರೂ ಇಲ್ಲ. ಹಾಗಾಗಿ ಪಟ್ಟಿ ಓದುವ ಹಂತದಲ್ಲೇ ವಿ.90 ಬಿಟ್ಟು ವಿ.34ಕ್ಕೆ ಇಳಿಯುತ್ತವೆ. ಡಬ್ಬಿ ಮೇಲೆ ಈ ಮಾತು ಎಲ್ಲೂ ಬರೆದಿಲ್ಲ. ಬರೆಯಬೇಕಿತ್ತು.

ವೇಗ ಬಿಡಿ, ಇವುಗಳ ನಂಬಿಕೆ ನೋಡಿ. ಕನೆಕ್ಟ್ ಆದ ಕೂಡಲೇ ತಪ್ಪು ಹಿಡಿದು ತಿದ್ದುವ ವಿ.42 ಪದ್ಧತಿ ಇದೆಯಾ ಅಂತ ಒಂದು ಮೋಡೆಮ್ ಗೊತ್ತಾದ ಗುರುತು ಕಳಿಸುತ್ತದೆ, ಎದುರಿನದು ಇ, ಸಿ ಅಂತ ಎರಡು ಅಕ್ಷರ ವಾಪಸ್ ಕೊಡುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಕಂತು ಕಂತಾಗಿ, ಪ್ರತಿ ಕಂತಿಗೂ ತಾಳೆ ಲೆಕ್ಕದ ಜೊತೆ. ತಾಳೆ ತಪ್ಪಿದರೆ ಆ ಕಂತು ಮತ್ತೆ ಬರುತ್ತದೆ. ಇದರ ಮೇಲೆ ವಿ.42ಬಿಸ್ ಅನ್ನುವ ಅಡಕಗೊಳಿಸುವ ಪದ್ಧತಿ. ಇದು ಕನ್ನಡಕ್ಕೆ ಎಷ್ಟು ಹೊಂದುತ್ತದೆ ಅಂತ ನೋಡಿ ನನಗೆ ಬಹಳ ಖುಷಿಯಾಯಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಶಿರಸಿ ಅಂತ ಬರೆದರೆ ಶ, ಗುಡಿಸು, ರ, ಸ, ಗುಡಿಸು ಸೇರಿ 5 ಚಿಹ್ನೆ, 15 ಬೈಟ್. ಸೆಕೆಂಡಿಗೆ 300 ಬಿಟ್ಟಿನಲ್ಲಿ, ಒಂದು ಬೈಟಿಗೆ ಹಿಂದೆಮುಂದೆ ಸೇರಿ 10 ಬಿಟ್ ಲೆಕ್ಕ ಹಿಡಿದರೆ, ಇಷ್ಟು ಹೋಗಲು ಅರ್ಧ ಸೆಕೆಂಡ್. ಪರದೆ ಮೇಲೆ ನಿಧಾನವಾಗಿ ಮೂಡುವುದು ಕಣ್ಣಿಗೇ ಕಾಣುತ್ತದೆ. ಆದರೆ ಆ ಐದಕ್ಕೂ ಮೊದಲ ಎರಡು ಬೈಟ್ ಒಂದೇ. ಕನ್ನಡದ ಎಲ್ಲ ಚಿಹ್ನೆಗಳಿಗೂ ಮೊದಲ ಬೈಟ್ ಒಂದೇ ಥರ, ಎರಡನೆಯದರಲ್ಲಿ ಎರಡೇ ಬಗೆ. ಹೀಗೆ ಮರುಕಳಿಸುವುದನ್ನೇ ವಿ.42ಬಿಸ್ ಹುಡುಕುವುದು. ಹಾಗಾಗಿ ಉದ್ದ ಕನ್ನಡ ಬರಹ ಕಳಿಸಿದಾಗ ಲೈನಿನ ವೇಗಕ್ಕಿಂತ ಜೋರಾಗಿಯೇ ಹೋಗುತ್ತದೆ. ಫೋಟೋಗಳಿಗೆ ಈ ಲಾಭ ಇಲ್ಲ, ಅವು ಮೊದಲೇ ಅಡಕವಾಗಿರುತ್ತವೆ. 1 ಎಂಬಿ ಫೋಟೋಗೆ 33.6ಕೆ ಲೈನಿನಲ್ಲಿ ನಾಲ್ಕೂವರೆ ನಿಮಿಷದ ಆಸುಪಾಸು ಕಾಯಬೇಕು.

ಕನ್ನಡ ಕಳಿಸುವವರು ಸೀರಿಯಲ್ ಸೆಟ್ಟಿಂಗ್ 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಅಂತಲೇ ಇಡಿ. 7 ಬಿಟ್ ಇಟ್ಟರೆ ಅಕ್ಷರ ಎಲ್ಲ ಕಸ.

ಇನ್ನು ಮನೆಯ ಹೊರಗೆ. ತೋಟದ ತಾಮ್ರದ ಲೈನಿನಲ್ಲಿ ಒಣ ದಿನ 28800 ಸಿಗುತ್ತದೆ. ಉದ್ದ ತಂತಿಯಲ್ಲಿ ಮೇಲಿನ ಸ್ವರಗಳು ಸೊರಗುತ್ತವೆ, ಆಗ ಮೋಡೆಮ್ 3429 ಸಂಕೇತ ಬಿಟ್ಟು 3000ಕ್ಕೆ ಇಳಿಯುತ್ತದೆ. 3000ಕ್ಕೆ 28.8ಕೆ ಮೇಲಿನ ಮಿತಿ. ಜೋರು ಮಳೆಗಾಲದಲ್ಲಿ ಎಲ್ಲೋ ಜಾಯಿಂಟಿಗೆ ನೀರು ಇಳಿದರೆ ಲೈನಿನಲ್ಲಿ ಕರಕರ ಶುರು. ಆಗ ಮಾತಿನ ನಡುವೆಯೇ ಎರಡೂ ನಿಂತು, ಇನ್ನೊಮ್ಮೆ ಕಿವಿ ಹದ ಮಾಡಿಕೊಂಡು, ವೇಗ ಇಳಿಸಿ ಮುಂದುವರಿಯುತ್ತವೆ. ಆ ಹೊತ್ತು ಡೇಟಾ ಹೋಗಿ ಬರುವುದನ್ನು ತೋರಿಸುವ ಎಸ್‌ಡಿ, ಆರ್‌ಡಿ ದೀಪಗಳು ಸ್ತಬ್ಧ. ಕರೆ ಮಾತ್ರ ಕಡಿಯುವುದಿಲ್ಲ. ಅದೇ ಲೈನಿನಲ್ಲಿ ಮನುಷ್ಯರು ಮಾತಾಡಿದರೆ ಹಲೋ ಹಲೋ ಅನ್ನುವುದರಲ್ಲೇ ಕರೆ ಮುಗಿಯುತ್ತದೆ.

ಫೈಬರ್ ಫೋನಿಗೆ ಹಾಕುವವರಿಗೆ ಎಚ್ಚರಿಕೆ. ಕಾರವಾರದ ನೆಂಟರ ಮನೆಯಲ್ಲಿ ಈಗ ಫೈಬರ್, ಲ್ಯಾಂಡ್‌ಲೈನ್ ಫೋನ್ ಆ ಡಬ್ಬಿಯಿಂದಲೇ ಬರುತ್ತದೆ. ಅಲ್ಲಿಗೆ ವಿ.34ರಲ್ಲಿ ಕರೆ ಮಾಡಿದರೆ ಒಮ್ಮೆ ಸೇರುತ್ತದೆ, ಸ್ವಲ್ಪ ಹೊತ್ತಿಗೆ ಕಡಿಯುತ್ತದೆ. ಅಲ್ಲಿ ದನಿ ಪ್ಯಾಕೆಟ್ ಪ್ಯಾಕೆಟ್ ಆಗಿ ಹೋಗುತ್ತದೆ. ಒಂದು ಪ್ಯಾಕೆಟ್ ತಪ್ಪಿದರೆ ನಮ್ಮ ಕಿವಿಗೆ ಗೊತ್ತೂ ಆಗುವುದಿಲ್ಲ, ಮೋಡೆಮಿಗೆ ಮಾತ್ರ ಸಮಯದ ಲೆಕ್ಕ ಪೂರ್ತಿ ಜಾರುತ್ತದೆ. ದನಿಯನ್ನು ಜಿ.729 ಥರದ ಪದ್ಧತಿಯಲ್ಲಿ ಹಿಂಡಿ ಕಳಿಸಿದರಂತೂ ಮುಗಿಯಿತು. ಅದು ಮನುಷ್ಯರ ಗಂಟಲಿಗೆ ಅಂತಲೇ ಮಾಡಿದ್ದು, ಮೋಡೆಮಿನ ಸದ್ದನ್ನು ಚಿಂದಿ ಮಾಡುತ್ತದೆ. ಎಕ್ಸ್‌ಚೇಂಜಿನ ಹಾಗೆ 64ಕೆಯಲ್ಲೇ ದನಿ ಕಳಿಸುವ ಜಿ.711 ಇದ್ದರೆ ಆಸೆ ಇದೆ. ನಾನು ಎಟಿ+ಎಂಎಸ್ ಆಜ್ಞೆಯಿಂದ ಮೋಡೆಮನ್ನು ವಿ.22ಬಿಸ್‌ಗೆ ಕಟ್ಟಿಹಾಕಿದೆ, ಅದು ಸೆಕೆಂಡಿಗೆ 2400 ಬಿಟ್ಟಿನ ಹಳೇ ಪದ್ಧತಿ. ಆಗ ಕರೆ ಕಡಿಯಲೇ ಇಲ್ಲ. ಇದರಲ್ಲಿ ಒಬ್ಬರು 1200 ಹರ್ಟ್ಸ್ ಸುತ್ತ, ಇನ್ನೊಬ್ಬರು 2400ರ ಸುತ್ತ ಮಾತಾಡುತ್ತಾರೆ. ತನ್ನ ದನಿ ಕಳೆಯುವ ನಾಜೂಕಿನ ಲೆಕ್ಕ ಬೇಡ, ಸೆಕೆಂಡಿಗೆ 600 ಸಂಕೇತ ಸಾಕು, ಚಿಕ್ಕಪುಟ್ಟ ಜಾರಿಕೆ ತಡೆದುಕೊಳ್ಳುತ್ತದೆ.

ತೋಟಕ್ಕೂ ಕೊನೆಗೆ ಇಟ್ಟದ್ದು ಇದೇ 2400. ಒಂದು ದಿನದ ಮಳೆ ಲೆಕ್ಕ ಅಂದರೆ 24 ಸಾಲು, ಕೆಲವು ನೂರು ಬೈಟ್. ವಿ.34 ಪರಿಚಯ ಮಾಡಿಕೊಂಡು ತಂತಿ ಅಳೆದು ಮುಗಿಸುವ ಹೊತ್ತಿಗೆ ವಿ.22ಬಿಸ್ ಡೇಟಾ ತಂದು ಫೋನ್ ಇಟ್ಟಿರುತ್ತದೆ. ಹಿಂದೆ ಅಂಗಡಿಗಳಲ್ಲಿ ಫೋನ್ ಲೈನಿಗೆ ಸಿಕ್ಕಿಸಿದ ಕಾರ್ಡ್ ಉಜ್ಜುವ ಯಂತ್ರ ಇರುತ್ತಿತ್ತಲ್ಲ, ಅವುಗಳಲ್ಲೂ ಇಂಥ ನಿಧಾನದ ಪದ್ಧತಿಯನ್ನೇ ಇಟ್ಟಿದ್ದರು, ಕಾರಣವೂ ಇದೇ. ಕಡಿಮೆ ಮಾತಿದ್ದರೆ ಬೇಗ ಶುರುವಾಗುವುದು ಮುಖ್ಯ. 56ಕೆ ಮೋಡೆಮ್ ಕೊಂಡು 2400ರಲ್ಲಿ ಓಡಿಸುವುದು ದಂಡ ಅಂತ ಅನಿಸಬಹುದು. ನನಗೆ ಹಾಗೆ ಅನಿಸಲಿಲ್ಲ. ಹಳೇ ಪದ್ಧತಿಗಳನ್ನೆಲ್ಲ ಒಳಗೆ ಇಟ್ಟುಕೊಂಡಿದೆ, ಬೇಕಾದಾಗ ಇಳಿಯುತ್ತದೆ ಅನ್ನುವುದೇ ಇದರ ದೊಡ್ಡ ಗುಣ.

ಕೊರತೆಗಳೂ ಇವೆ. ಅಡಾಪ್ಟರ್ ವಿಷಯ ಎಲ್ಲಕ್ಕಿಂತ ಕಿರಿಕಿರಿ. ಈ ಮಾದರಿಗೆ ಬೇಕಾದ್ದು 9 ವೋಲ್ಟ್ ಎಸಿ. ಹೌದು, ಎಸಿ. ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರ್ ಎಲ್ಲ ಡಿಸಿ, ಪಿನ್ ಕೂತರೂ ಇದಕ್ಕೆ ಆಗುವುದಿಲ್ಲ. ಒಂದು ಮೋಡೆಮಿಗೆ ಮೂಲ ಅಡಾಪ್ಟರ್ ಇತ್ತು, ಇನ್ನೊಂದಕ್ಕೆ ಟ್ರಾನ್ಸ್‌ಫಾರ್ಮರ್ ತಂದು ಡಬ್ಬಿಯಲ್ಲಿ ಕೂರಿಸಿದೆ. ಕೇಬಲ್ ಕೂಡ ನೋಡಿ ಕೊಳ್ಳಿ. ಅಗ್ಗದ ಯುಎಸ್‌ಬಿ ಸೀರಿಯಲ್ ಕೇಬಲ್ಲುಗಳಲ್ಲಿ ಕೆಲವಕ್ಕೆ ಮೂರೇ ತಂತಿ ಇರುತ್ತದೆ. ಆರ್‌ಟಿಎಸ್, ಸಿಟಿಎಸ್ ತಂತಿ ಇಲ್ಲದಿದ್ದರೆ ಸ್ವಲ್ಪ ತಡಿ ಅಂತ ಕಂಪ್ಯೂಟರಿಗೆ ಹೇಳಲು ಮೋಡೆಮಿಗೆ ದಾರಿಯೇ ಇಲ್ಲ. ಕಂಪ್ಯೂಟರ್ ಕಡೆ ಪೋರ್ಟ್ 115200ರಲ್ಲಿ ಇಟ್ಟಿರುತ್ತೇವೆ, ಫೋನ್ ಕಡೆ ಅದಕ್ಕಿಂತ ಎಷ್ಟೋ ನಿಧಾನ, ನಡುವೆ ಅಕ್ಷರಗಳು ಚೆಲ್ಲಿಹೋಗುತ್ತವೆ. ದೂರು ಮೋಡೆಮಿನ ಮೇಲೆ ಬರುತ್ತದೆ, ತಪ್ಪು ಕೇಬಲ್ಲಿನದು.

ಸಿಡಿಲಿನ ಬಗ್ಗೆ ಘಟ್ಟದ ಮೇಲಿನವರಿಗೆ ಹೇಳಲೇಬೇಕು. ಏಪ್ರಿಲ್, ಮೇ ಮಳೆಯಲ್ಲಿ ಗುಡುಗು ಕೇಳಿದ ಕೂಡಲೇ ಕರೆಂಟಿನ ಪ್ಲಗ್ ಜೊತೆಗೆ ಫೋನ್ ವೈರನ್ನೂ ಕಿತ್ತಿಡಿ. ಮೋಡೆಮ್ ಜಾಸ್ತಿ ಸಾಯುವುದು ಫೋನ್ ವೈರಿನಿಂದ ಬರುವ ಏಟಿಗೆ. ತೋಟದಲ್ಲಿ ಕಿತ್ತಿಡಲು ಯಾರೂ ಇರುವುದಿಲ್ಲ ಅಂತ ಲೈನಿಗೆ ಗ್ಯಾಸ್ ಟ್ಯೂಬಿನ ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ತಿಂಗ್ ಕೊಟ್ಟಿದ್ದೇವೆ.

ಕಂಪ್ಯೂಟರ್ ಒಳಗೆ ಕೂರಿಸುವ ಕಾರ್ಡ್ ಮೋಡೆಮ್ ಇನ್ನೂ ಅಗ್ಗಕ್ಕೆ ಸಿಗುತ್ತವೆ. ಬೇಡ. ಅವುಗಳಲ್ಲಿ ಬಹುಪಾಲು ವಿನ್‌ಮೋಡೆಮ್‌ಗಳು. ಲೆಕ್ಕವನ್ನೆಲ್ಲ ಕಂಪ್ಯೂಟರಿನ ಡ್ರೈವರ್ ಮಾಡಬೇಕು, ಈಗಿನ ವಿಂಡೋಸಿಗೂ ಲಿನಕ್ಸಿಗೂ ಆ ಡ್ರೈವರ್ ಸಿಗುವುದು ಕಷ್ಟ. ಎಕ್ಸ್‌ಟರ್ನಲ್ ಸೀರಿಯಲ್ ಮೋಡೆಮಿಗೆ ಡ್ರೈವರೇ ಬೇಡ, ಎಟಿ ಅಂದರೆ ಓಕೆ ಅನ್ನುತ್ತದೆ.

ಅಂಗಡಿಯವರ ಬಗ್ಗೆ ಒಂದು ಒಳ್ಳೇ ಮಾತು. ದುಡ್ಡು ಕೊಡುವ ಮೊದಲು ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ನೋಡಲು ಬಿಟ್ಟರು, ಅವಸರ ಮಾಡಲಿಲ್ಲ. ನೀವೂ ಹಾಗೇ ಕೇಳಿ. ಎಟಿ&ಎಫ್ ಕೊಟ್ಟು ಮೂಲ ಸೆಟ್ಟಿಂಗಿಗೆ ತನ್ನಿ. ಎಟಿಎಚ್1 ಕೊಡಿ, ರಿಲೇ ಟಕ್ ಅನ್ನಬೇಕು, ಓಎಚ್ ದೀಪ ಹತ್ತಬೇಕು. ಎಟಿಎಚ್ ಕೊಟ್ಟರೆ ಆರಬೇಕು. ಲೈನ್ ಇಲ್ಲದೆಯೇ ಎಟಿಎಕ್ಸ್3 ಹಾಕಿ ಒಂದೆರಡು ಅಂಕಿ ಡಯಲ್ ಮಾಡಿಸಿ, ಸ್ಪೀಕರಿನಲ್ಲಿ ಟೋನ್ ಬರಬೇಕು. ಇಷ್ಟಾದರೂ ಫೋನ್ ಕಡೆಯ ಭಾಗ ಸರಿ ಇದೆಯಾ ಅಂತ ಪೂರ್ತಿ ಗೊತ್ತಾಗುವುದಿಲ್ಲ. ಎರಡನ್ನೂ ಕೊಳ್ಳುವುದಾದರೆ ಅಂಗಡಿಯಲ್ಲೇ ಒಂದು ಫೋನ್ ವೈರಿನಿಂದ ನೇರ ಜೋಡಿಸಿ, ಒಂದಕ್ಕೆ ಎಟಿಎಕ್ಸ್3ಡಿ, ಇನ್ನೊಂದಕ್ಕೆ ಎಟಿಎ ಕೊಡಿ. ಕೆಲವು ಮೋಡೆಮ್ ಹಾಗೇ ಸೇರುತ್ತವೆ. ಸೇರದಿದ್ದರೆ ನಡುವೆ ಒಂದು ತಂತಿಯಲ್ಲಿ 9 ವೋಲ್ಟ್ ಬ್ಯಾಟರಿ ಮತ್ತು 300ರಿಂದ 500 ಓಮ್ ರೆಸಿಸ್ಟರ್ ಸಾಲಾಗಿ ಹಾಕಿ ಇನ್ನೊಮ್ಮೆ ನೋಡಿ. ಎರಡರಲ್ಲೂ ಸಿಡಿ ದೀಪ ಹತ್ತಿದರೆ ದುಡ್ಡು ಕೊಟ್ಟು ತನ್ನಿ.